ನಲ್ಲಿ ಹತ್ತಿರದ ಇಪ್ಪತ್ತಡಿ

ಶಿವಮೊಗ್ಗದ ಹಳೇ ಬೀದಿಯೊಂದರಿಂದ ಓದುಗರೊಬ್ಬರು ಬರೆದಿದ್ದಾರೆ: "ನಮ್ಮದು ಅಜ್ಜನ ಕಾಲದ ಮನೆ. ಅಮೆರಿಕದ ಊರೊಂದರಲ್ಲಿ ಸೀಸದ ಪೈಪಿನಿಂದ ಕುಡಿಯುವ ನೀರು ಕೆಟ್ಟ ಸುದ್ದಿ ಓದಿದೆ. ನಮ್ಮ ಮನೆಗೆ ಬಂದಿರುವ ಪೈಪು ಎಂಥದ್ದೋ ಗೊತ್ತಿಲ್ಲ. ಎರಡು ವರ್ಷದ ಮೊಮ್ಮಗಳಿದ್ದಾಳೆ. ಅವಳಿಗೆ ನೀರು ಕುದಿಸಿಯೇ ಕೊಡುತ್ತೇವೆ. ಅಷ್ಟು ಸಾಕಾ? ಆರ್‌ಓ ಫಿಲ್ಟರ್ ಹಾಕಿಸಲೇಬೇಕಾ?"

ಸಂಪಾದಕರ ಉತ್ತರ:

ಕುದಿಸಿದರೆ ಸಾಕಾಗುವುದಿಲ್ಲ. ಕ್ರಿಮಿ ಸಾಯುತ್ತದೆ, ಸೀಸ ಹೋಗುವುದಿಲ್ಲ. ನೀರು ಆವಿಯಾಗಿ ಇಳಿದಷ್ಟೂ ಉಳಿದ ನೀರಲ್ಲಿ ಅದರ ಪಾಲು ಒಂಚೂರು ಜಾಸ್ತಿಯೇ ಆಗುತ್ತದೆ. ಹಾಗಂತ ಕುದಿಸುವುದನ್ನು ನಿಲ್ಲಿಸಬೇಡಿ. ಚರಂಡಿ ಪಕ್ಕದಲ್ಲೇ ಪೈಪು ಹೋಗಿರುವ ನಮ್ಮ ಊರುಗಳಲ್ಲಿ, ಮಳೆಗಾಲ ಹಿಡಿದರೆ, ಸೀಸಕ್ಕಿಂತ ಮೊದಲು ಮನೆ ಹೊಕ್ಕುವುದು ವಾಂತಿಭೇದಿ, ಕಾಮಾಲೆ.

ನೀವು ಓದಿದ ಊರು ಮಿಷಿಗನ್ ರಾಜ್ಯದ ಫ್ಲಿಂಟ್ ಇರಬೇಕು. ದುಡ್ಡು ಉಳಿಸಲಿಕ್ಕೆ ಅಂತ ಅಲ್ಲಿ 2014ರ ಏಪ್ರಿಲ್‌ನಲ್ಲಿ ಡೆಟ್ರಾಯಿಟ್‌ನಿಂದ ಬರುತ್ತಿದ್ದ ನೀರು ಬಿಟ್ಟು ಫ್ಲಿಂಟ್ ನದಿಯ ನೀರು ಹರಿಸಿದರು. ಪೈಪು ಸವೆಯದಂತೆ ಬೆರೆಸಬೇಕಿದ್ದ ಔಷಧಿ ಬೆರೆಸಲಿಲ್ಲ. ಹಳೇ ಪೈಪುಗಳ ಒಳಗೆ ವರ್ಷಗಟ್ಟಲೆ ಕಟ್ಟಿದ್ದ ಪೊರೆ ಕಿತ್ತುಹೋಯಿತು, ಸೀಸ ನೀರಿಗಿಳಿಯಿತು. ಅದು ನದಿಯಿಂದ ಬಂದ ಸೀಸವಲ್ಲ, ಮನೆಗಳಿಗೆ ಹೋಗುವ ಪೈಪಿನದು. ನಮ್ಮಲ್ಲೂ ಹುಡುಕಬೇಕಾದ್ದು ಅಲ್ಲೇ, ನಲ್ಲಿಗೆ ಹತ್ತಿರದ ಇಪ್ಪತ್ತಡಿಯಲ್ಲಿ.

ಗಂಗಾ ಸ್ನಾನ, ತುಂಗಾ ಪಾನ ಅಂತ ನಾವು ಬೀಗುತ್ತೇವಲ್ಲ, ಸುಮ್ನೆ ಅಲ್ಲ ಅದು. ತುಂಗೆಯ ನೀರು ಮೆದು. ಬೇಳೆ ಬೇಗ ಬೇಯುತ್ತದೆ, ಸೋಪು ನೊರೆ ಬರುತ್ತದೆ, ಪಾತ್ರೆಯ ತಳಕ್ಕೆ ಬಿಳಿ ಕಟ್ಟುವುದಿಲ್ಲ. ಆದರೆ ಬಯಲುಸೀಮೆಯ ಗಡಸು ನೀರು ಪೈಪಿನೊಳಗೆ ಸುಣ್ಣದ ಪದರ ಕಟ್ಟುತ್ತದೆ. ಲೋಹಕ್ಕೂ ನೀರಿಗೂ ನಡುವೆ ಅದೇ ಗೋಡೆ. ಮೆದು ನೀರಿಗೆ ಆ ಗೋಡೆ ಇಲ್ಲ. ಮಲೆನಾಡಿನ ಬಾವಿ ನೀರು, ಗುಡ್ಡದ ಅಬ್ಬಿ ನೀರು ಎಷ್ಟೋ ಕಡೆ ಕೊಂಚ ಆಮ್ಲ ಗುಣದ್ದು ಬೇರೆ. ಅದಕ್ಕೆ ಲೋಹ ಕರಗಿಸುವ ಚಾಳಿ ಇನ್ನೂ ಜಾಸ್ತಿ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಹಿತ್ತಾಳೆ ನಲ್ಲಿಯ ಕೆಳಗೆ, ಸಿಂಕಿನ ಮೇಲೆ, ಬೆರಳಗಲದ ಹಸಿರು ಗೆರೆಯೊಂದಿತ್ತು. ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಕೊನೆಗೆ "ಇದು ಸಾಯದ ಪಾಚಿ" ಅಂತ ಕೈಬಿಟ್ಟಿದ್ದರು. ಪಾಚಿಯಲ್ಲ, ತಾಮ್ರ. ರಾತ್ರಿಯಿಡೀ ತೊಟ್ಟಿಕ್ಕುವ ನೀರು ನಲ್ಲಿಯನ್ನು ಚೂರುಚೂರೇ ತಿಂದ ಗುರುತು. ಹಿತ್ತಾಳೆಯನ್ನು ಕಡೆಯಲು ಸುಲಭವಾಗಲಿ ಅಂತ ಅದಕ್ಕೆ ಸ್ವಲ್ಪ ಸೀಸ ಸೇರಿಸುವುದುಂಟು. ತಾಮ್ರ ಬಿಟ್ಟುಕೊಡುವ ನಲ್ಲಿ ಸೀಸವನ್ನೂ ಬಿಟ್ಟುಕೊಡಬಹುದು. ತಾಮ್ರವಾದರೂ ಬಣ್ಣದಿಂದ ಸಿಕ್ಕಿಬೀಳುತ್ತದೆ. ನೀರಲ್ಲಿ ಕರಗಿದ ಸೀಸಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ನಿಮ್ಮ ಪೈಪಿನ ವಿಚಾರ. ನಮ್ಮ ಕಡೆ ಹಳೇ ಮನೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಜಿಐ, ಅಂದರೆ ಸತುವು ಲೇಪಿಸಿದ ಕಬ್ಬಿಣ. ಮೊಮ್ಮಗಳ ಆಟದ ಆಯಸ್ಕಾಂತ ತಂದು ಅಂಟಿಸಿ ನೋಡಿ. ಕಚ್ಚಿಕೊಂಡರೆ ಕಬ್ಬಿಣ. ಕಚ್ಚದೆ, ನಾಣ್ಯದಿಂದ ಕೆರೆದಾಗ ಮೆತ್ತಗೆ ಕೆತ್ತಿಬಂದು ಬೆಳ್ಳಿಯ ಹಾಗೆ ಹೊಳೆದರೆ ಅದು ಸೀಸ. ಹಿಂದೆಮುಂದೆ ನೋಡದೆ ತೆಗೆಸಿ. ಬೀಡುಕಬ್ಬಿಣದ ಹಳೇ ಪೈಪುಗಳ ಜಾಯಿಂಟಿಗೆ ಸೆಣಬು ತುರುಕಿ, ಸೀಸ ಕಾಯಿಸಿ ಹುಯ್ಯುತ್ತಿದ್ದದ್ದು ನಿಜ. ಅಲ್ಲಿ ನೀರಿಗೆ ತಾಗುವ ಸೀಸ ತೀರಾ ಕಮ್ಮಿ, ಅದಕ್ಕೆ ನಿದ್ದೆಗೆಡಬೇಡಿ.

ನಿಮ್ಮ ಮನೆಗೆ ನಡುವೆ ಯಾವಾಗಲೋ ಪಿವಿಸಿ (ಪ್ಲಾಸ್ಟಿಕ್) ಪೈಪು ಹಾಕಿಸಿದ್ದರೆ ಅದನ್ನೂ ಕೇಳಬೇಕು. ಪಿವಿಸಿ ಬಿಸಿಗೆ ಕೆಡದಿರಲಿ ಅಂತ ತಯಾರಿಸುವಾಗ ಸೀಸದ ಸಂಯುಕ್ತ ಬೆರೆಸುತ್ತಿದ್ದರು. ಕೇಂದ್ರ ಸರ್ಕಾರ ಅದನ್ನು ತಡೆಯುವ ನಿಯಮ ತಂದದ್ದು 2021ರಲ್ಲಿ. ಇನ್ನು ಮುಂದೆ ಕೊಳ್ಳುವುದಾದರೆ ಸೀಸವಿಲ್ಲದ್ದು ಅಂತ ಪೈಪಿನ ಮೇಲೇ ಅಚ್ಚಾಗಿದೆಯಾ ನೋಡಿ. ಅಂಗಡಿಯವರ ಬಾಯಿಮಾತು ಬೇಡ.

ಆರ್‌ಓ ಸೀಸ ತೆಗೆಯುತ್ತದೆ. ಯುವಿ, ಅಂದರೆ ಕ್ರಿಮಿ ಕೊಲ್ಲುವ ನೇರಳಾತೀತ ಬೆಳಕು, ಮಾತ್ರ ಇರುವ ಮಿಷನ್ನು ತೆಗೆಯುವುದಿಲ್ಲ. ಆದರೆ ಮೊದಲೇ ಲವಣ ಕಮ್ಮಿ ಇರುವ ತುಂಗೆಯ ನೀರಿಗೆ ಆರ್‌ಓ ಹಾಕಿ, ಬಕೆಟ್‌ಗಟ್ಟಲೆ ಚರಂಡಿಗೆ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ಪರೀಕ್ಷೆ ಮಾಡಿಸಿ. ಎರಡು ಬಾಟಲಿ ತಗೊಳ್ಳಿ. ಬೆಳಗ್ಗೆ ಯಾರೂ ನಲ್ಲಿ ಮುಟ್ಟುವ ಮೊದಲು ಒಂದರಲ್ಲಿ ಹಿಡಿಯಿರಿ. ಐದು ನಿಮಿಷ ನೀರು ಬಿಟ್ಟು ಇನ್ನೊಂದರಲ್ಲಿ ಹಿಡಿಯಿರಿ. ಭಾರ ಲೋಹ ಅಳೆಯುವ ಪ್ರಯೋಗಾಲಯಕ್ಕೇ ಕೊಡಿ. ಬಣ್ಣ ಬದಲಾಗುವ ಸಾಮಾನ್ಯ ಕಿಟ್ಟಿಗೆ ಇಷ್ಟು ಸಣ್ಣ ಪ್ರಮಾಣ ಸಿಗುವುದಿಲ್ಲ. ನಮ್ಮ ದೇಶದ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು. ಮೊದಲನೆಯದರಲ್ಲಿ ಜಾಸ್ತಿ, ಎರಡನೆಯದರಲ್ಲಿ ಕಮ್ಮಿ ಬಂದರೆ ಕಳ್ಳ ನಿಮ್ಮ ಮನೆಯೊಳಗೇ ಇದ್ದಾನೆ ಅಂತ ಲೆಕ್ಕ.

ಫಲಿತಾಂಶ ಬರುವ ತನಕ ಬೆಳಗಿನ ಮೊದಲ ಬಕೆಟ್ ನೀರನ್ನು ಡೇರೆ ಗಿಡಕ್ಕೆ ಹುಯ್ಯಿರಿ. ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರು ಅದು. ಗೀಸರ್ ನೀರನ್ನು ಅಡುಗೆಗೆ ಬಳಸಬೇಡಿ, ಬಿಸಿ ನೀರು ಲೋಹವನ್ನು ಬೇಗ ಕರಗಿಸುತ್ತದೆ. ಮಗುವಿನ ಹೊಟ್ಟೆ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಸೀಸ ಹೀರಿಕೊಳ್ಳಬಲ್ಲದು, ಪೆಟ್ಟು ಬೀಳುವುದು ಬೆಳೆಯುವ ಮಿದುಳಿಗೆ. ಕಬ್ಬಿಣ, ಕ್ಯಾಲ್ಸಿಯಂ ಕಮ್ಮಿಯಿದ್ದರೆ ಇನ್ನೂ ಜಾಸ್ತಿ ಹೀರುತ್ತದೆ. ರಾಗಿ ಅಂಬಲಿ ತಪ್ಪಿಸಬೇಡಿ. ಅನುಮಾನ ಉಳಿದರೆ ಡಾಕ್ಟರ ಹತ್ತಿರ ರಕ್ತದಲ್ಲಿ ಸೀಸದ ಪರೀಕ್ಷೆ ಕೇಳಿ.

ನೀವು ಕೇಳದ ಒಂದು ಮಾತು: ಅಜ್ಜನ ಕಾಲದ ಮನೆ ಅಂದಿರಿ, ಹಿತ್ತಾಳೆ ಪಾತ್ರೆ ಇರಲೇಬೇಕು ಅಲ್ವಾ? ಕಲಾಯಿಗೆ ಬೇಕಾದ್ದು ಶುದ್ಧ ತವರ. ತವರ ದುಬಾರಿ, ಸೀಸ ಅಗ್ಗ. ಬೆರಕೆ ಕಲಾಯಿಯ ಪಾತ್ರೆಯಲ್ಲಿ ವಾಟೆಹುಳಿ ಹಾಕಿ ಸಾರು ಕುದಿಸಿದರೆ ಪೈಪಿಗಿಂತ ಜಾಸ್ತಿ ಸೀಸ ಅಲ್ಲಿಂದಲೇ ಬಂದೀತು. ಕಲಾಯಿಯವರನ್ನು ಕೂರಿಸಿ, ತವರದ ಕಡ್ಡಿ ನೀವೇ ತಂದುಕೊಡಿ.

ಬಾಟಲಿಗಳ ಫಲಿತಾಂಶ ಬಂದ ಮೇಲೆ ಇನ್ನೊಂದು ಪತ್ರ ಬರೆಯಿರಿ. ನಮ್ಮ ಮನೆಯ ಆ ನಲ್ಲಿ ಬದಲಾಯಿಸಿದ್ದೇವೆ. ಹಸಿರು ಗೆರೆ ಸಿಂಕಿನಿಂದ ಇನ್ನೂ ಪೂರ್ತಿ ಹೋಗಿಲ್ಲ.