ನಾಯಿ ಮಸಾಲೆ ನೂಡಲ್ಸ್ ತಿಂದರೆ ಭಯಪಡಬೇಕಾ?

ಭಯಪಡಬೇಕಾ ಅಂತ ಪತ್ರ ಬರೆದು ಕೇಳಿದ್ದೀರಿ. ನಿಮ್ಮದು 28 ಕೆಜಿಯ ಲ್ಯಾಬ್ರಡಾರ್. ಮಗ ತಟ್ಟೆಯಲ್ಲಿ ಬಿಟ್ಟ ಎರಡು ತುತ್ತು ನೂಡಲ್ಸ್ ತಿಂದಿದೆ, ಪ್ಯಾಕೆಟ್ ಹಿಂದೆ ನೋಡಿದರೆ ಮಸಾಲೆಯಲ್ಲಿ ಈರುಳ್ಳಿ ಪುಡಿ ಇದೆ. ಇಷ್ಟೇ ಆಗಿದ್ದರೆ ಗಾಬರಿ ಬೇಡ. ಅಷ್ಟು ದೊಡ್ಡ ನಾಯಿಗೆ ಅಷ್ಟರಲ್ಲಿ ಕೆಡುಕಾಗುವುದು ತೀರಾ ಅಪರೂಪ. ಆದರೆ ಕೊನೆಯಲ್ಲಿ ‘ದಿನಾ ಸ್ವಲ್ಪ ಹುಳಿ ಅನ್ನಾನೂ ಹಾಕ್ತೀವಿ’ ಅಂತ ಬರೆದಿದ್ದೀರಲ್ಲ, ನನಗೆ ಚಿಂತೆ ಆ ಹುಳಿಯಲ್ಲಿ ದಿನಾ ಹೋಗುವ ಈರುಳ್ಳಿಯದ್ದೇ.

ಈರುಳ್ಳಿಯಲ್ಲಿರುವ ಗಂಧಕದ ಅಂಶಗಳು ನಾಯಿಯ ಕೆಂಪು ರಕ್ತಕಣಗಳನ್ನು ಹಾಳು ಮಾಡುತ್ತವೆ. ಕೆಟ್ಟ ಕಣಗಳು ಒಡೆದುಹೋಗುತ್ತವೆ, ನಾಯಿಗೆ ರಕ್ತ ಕಡಿಮೆಯಾಗುತ್ತದೆ. ಇದು ತಿಂದ ತಕ್ಷಣ ಗೊತ್ತಾಗುವುದಿಲ್ಲ. ಮೊದಲ ದಿನ ವಾಂತಿ ಭೇದಿ ಆಗಬಹುದು, ನಿಜವಾದ ಸುಸ್ತು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಕೆಲವು ದಿನಗಳ ಮೇಲೆ. ಅಷ್ಟೊತ್ತಿಗೆ ಯಾರಿಗೂ ಈರುಳ್ಳಿಯ ನೆನಪೇ ಇರುವುದಿಲ್ಲ.

ಲೆಕ್ಕ ಹೀಗಿದೆ. ಒಂದೇ ಸಲಕ್ಕೆ ದೇಹದ ತೂಕದ 0.5% ದಾಟಿದರೆ, ಅಂದರೆ ಕೆಜಿಗೆ 5 ಗ್ರಾಂ ಹಸಿ ಈರುಳ್ಳಿ ಮೀರಿದರೆ, ಅಪಾಯ ಅಂತ ಇಟ್ಟುಕೊಳ್ಳಿ. ಕೆಜಿಗೆ 15ರಿಂದ 30 ಗ್ರಾಂ ಹೋದರೆ ರಕ್ತದಲ್ಲಿ ಬದಲಾವಣೆ ಚೆನ್ನಾಗಿಯೇ ಕಾಣುತ್ತದೆ. ನಿಮ್ಮ ನಾಯಿಗೆ 5 ಗ್ರಾಂ ಲೆಕ್ಕ ಅಂದರೆ 140 ಗ್ರಾಂ, ಒಂದು ದೊಡ್ಡ ಈರುಳ್ಳಿ. ಅದೇ 4 ಕೆಜಿಯ ಪೊಮೆರೇನಿಯನ್‌ಗೆ 20 ಗ್ರಾಂ ಸಾಕು, ಸಣ್ಣಗೆ ಹೆಚ್ಚಿದರೆ ಒಂದು ಹಿಡಿಯೂ ಆಗಲ್ಲ. ಪುಡಿಯ ಕತೆ ಬೇರೆ. ಈರುಳ್ಳಿಯಲ್ಲಿ ಮುಕ್ಕಾಲಿಗಿಂತ ಜಾಸ್ತಿ ನೀರೇ ಇರುವುದರಿಂದ ಒಣಗಿಸಿದಾಗ ಒಂದು ಚಮಚದಲ್ಲೇ ಬಹಳಷ್ಟು ಈರುಳ್ಳಿ ಕೂತಿರುತ್ತದೆ. ಬೆಳ್ಳುಳ್ಳಿ, ಸಾಂಬಾರ್ ಈರುಳ್ಳಿ, ಈರುಳ್ಳಿ ಹೂವು ಎಲ್ಲ ಒಂದೇ ಜಾತಿ.

ಬೇಯಿಸಿದರೆ ಈ ಗುಣ ಹೋಗುವುದಿಲ್ಲ. ‘ಹೋಳು ತೆಗೆದು ಬರೀ ರಸ ಹಾಕ್ತೀವಿ’ ಅನ್ನುವವರೂ ಇದ್ದಾರೆ. ಸಾರ ಇಳಿದಿರುವುದು ರಸದಲ್ಲೇ ಅಲ್ವಾ? ಹಾಗಾಗಿ ದಿನಾ ಎರಡು ಸೌಟು ಹುಳಿ, ಭಾನುವಾರ ದೊನ್ನೆ ಬಿರಿಯಾನಿಯ ಮಿಕ್ಕ ಅನ್ನ, ಸಂಜೆ ಬೋಂಡದ ಚೂರು ಅಂತ ಹೋದರೆ ಒಂದೊಂದೂ ಸಣ್ಣದೇ, ಆದರೆ ರಕ್ತಕಣಗಳಿಗೆ ಸುಧಾರಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ.

‘ನಮ್ಮೂರಲ್ಲಿ ನಾಯಿಗಳು ಸಾರನ್ನ ತಿಂದೇ ಬೆಳೆದವು’ ಅಂತ ನಮ್ಮಮ್ಮ ಈಗಲೂ ವಾದ ಮಾಡುತ್ತಾರೆ. ನಿಜ, ಬೆಳೆದವು. ಆದರೆ ಅವುಗಳ ರಕ್ತ ಪರೀಕ್ಷೆ ಯಾರು ಮಾಡಿಸಿದ್ದರು? ಮೂಲೆಯಲ್ಲಿ ಬಿದ್ದುಕೊಂಡಿದ್ದರೆ ಬಿಸಿಲಿಗೆ ಅಂದುಕೊಳ್ಳುತ್ತಿದ್ದರು, ಅಷ್ಟೇ. ನಮ್ಮನೆ ನಾಯಿಗೆ ಈಗ ಬರೀ ಅನ್ನ, ಉಪ್ಪು ಹಾಕದೆ ಬೇಯಿಸಿದ ಕೋಳಿ, ಒಂದಿಷ್ಟು ಕ್ಯಾರೆಟ್. ಒಗ್ಗರಣೆ ನಮಗೆ.

ಒಂದು ವಾರ ನಿಮ್ಮ ನಾಯಿಯ ವಸಡು ನೋಡುತ್ತಿರಿ. ಮೇಲಿನ ತುಟಿ ಎತ್ತಿ, ಕೋರೆಹಲ್ಲಿನ ಮೇಲೆ ವಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾದ ಜಾಗ ಎರಡು ಸೆಕೆಂಡಿನಲ್ಲಿ ಮತ್ತೆ ಗುಲಾಬಿ ಆಗಬೇಕು. ಕಪ್ಪು ವಸಡಿದ್ದರೆ ಕೆಳರೆಪ್ಪೆಯ ಒಳಗಡೆ ನೋಡಿ. ಬಣ್ಣ ಪೇಲವ ಅನಿಸಿದರೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಮಲಗಿದಲ್ಲೇ ಏದುಸಿರು ಬಿಟ್ಟರೆ ಆ ದಿನವೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಬೆಂಗಳೂರಲ್ಲಿ ಉಣ್ಣಿ ಹುಳ ಕಚ್ಚಿ ಬರುವ ಟಿಕ್ ಫೀವರ್ ಜಾಸ್ತಿ, ಅದರಲ್ಲೂ ಇದೇ ಲಕ್ಷಣ ಕಾಣಬಹುದು. ಮನೆಯಲ್ಲಿ ಕೂತು ಯಾವುದು ಅಂತ ಊಹಿಸಬೇಡಿ, ರಕ್ತ ಪರೀಕ್ಷೆಯಲ್ಲೇ ಗೊತ್ತಾಗುವುದು. ಆಗಲೇ ಟಿಕ್ ಫೀವರ್ ಬಂದು ರಕ್ತ ಕಡಿಮೆ ಇರುವ ನಾಯಿಗಂತೂ ಸ್ವಲ್ಪ ಈರುಳ್ಳಿಯೂ ಬೇಡ.

ಮುಂದೆ ಯಾವತ್ತಾದರೂ ನಿಜವಾಗಲೂ ಜಾಸ್ತಿ ತಿಂದುಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಉಪ್ಪೇ ಪ್ರಾಣಕ್ಕೆ ಕುತ್ತು ತರಬಹುದು. ಎರಡು ಗಂಟೆಯ ಒಳಗೆ ಹೋದರೆ ಡಾಕ್ಟರೇ ವಾಂತಿ ಮಾಡಿಸುತ್ತಾರೆ. ಇದಕ್ಕೆ ಅಂತಲೇ ಬೇರೆ ಮದ್ದಿಲ್ಲ. ರಕ್ತ ತೀರಾ ಇಳಿದರೆ ರಕ್ತ ಕೊಡಿಸಬೇಕಾಗುತ್ತದೆ. ಹತ್ತಿರದಲ್ಲಿ ಯಾರೂ ಸಿಗದಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಹೋಗುವಾಗ ಆ ಮಸಾಲೆಯ ಕವರ್ ಜೇಬಿಗೆ ಹಾಕಿಕೊಳ್ಳಿ, ಎಷ್ಟು ಹೊತ್ತಿಗೆ ಎಷ್ಟು ತಿಂದಿತು ಅಂತ ಬರೆದುಕೊಂಡಿರಿ. ಅವರು ಮೊದಲು ಕೇಳುವುದೇ ಅದು.