ವರದಿ ಬರೆಯುವವರನ್ನು ಸಂಶೋಧಕರೆಂದು ತೋರಿಸಬಹುದೇ?

ಪ್ರಶ್ನೆ: ನಮ್ಮದು ಬೆಂಗಳೂರಿನ ಚಿಕ್ಕ ನೀತಿ ಸಂಶೋಧನಾ ಸಂಸ್ಥೆ. ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚ ಶೇ 20ರ ಮಿತಿ ಮೀರುವ ಹಾಗಿದೆ. ನಾನು ದಾನಿಗಳಿಗೆ ವರದಿ ಬರೆಯುವವಳು. ನನ್ನ ಹುದ್ದೆಯನ್ನು ‘ಸಂಶೋಧನಾ ಸಹಾಯಕಿ’ ಎಂದು ಬದಲಿಸಿದರೆ ಸಾಕೆಂದು ಸಲಹೆಗಾರರೊಬ್ಬರು ಹೇಳಿದ್ದಾರೆ. ಮಾಡಬಹುದೇ?

ಉತ್ತರ: ಬೇಡ. ಮಾರ್ಚ್ ಹತ್ತಿರವಾದಂತೆ ಈ ಪ್ರಶ್ನೆ ಹೊಸ ಹೊಸ ವೇಷದಲ್ಲಿ ಬರುತ್ತದೆ. ಪ್ರತಿ ಬಾರಿಯೂ ಹಿಂದೆ ಒಬ್ಬ ಸಲಹೆಗಾರರು ಇದ್ದೇ ಇರುತ್ತಾರೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) 2011ರ ನಿಯಮಾವಳಿಯ 5ನೇ ನಿಯಮವನ್ನು ಅವರು ಓದಿದ್ದಾರೆಯೇ ಎಂದು ಕೇಳಿ. ಆಡಳಿತ ವೆಚ್ಚದ ಪಟ್ಟಿಯಲ್ಲಿ ಕಚೇರಿ ಬಾಡಿಗೆ, ವಿದ್ಯುತ್, ಲೆಕ್ಕಪತ್ರದ ಖರ್ಚಿನ ಜೊತೆಗೆ ವರದಿ ಬರೆದು ಸಲ್ಲಿಸುವ ವೆಚ್ಚವೂ ಇದೆ. ಬಾಗಿಲ ಮೇಲಿನ ಫಲಕ ಬದಲಿಸಿದರೆ ಒಳಗಿನ ಕೆಲಸ ಬದಲಾಗುವುದಿಲ್ಲ.

ಆದರೆ ನಿಮ್ಮಂಥ ಸಂಸ್ಥೆಗೆ ನಿಜವಾದ ದಾರಿಯೊಂದು ಅದೇ ನಿಯಮದಲ್ಲಿದೆ, ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ಮುಖ್ಯವಾಗಿ ಸಂಶೋಧನೆ ಅಥವಾ ತರಬೇತಿ ನಡೆಸುವ ಸಂಸ್ಥೆಯಲ್ಲಿ ಕ್ಷೇತ್ರ ಮಾಹಿತಿ ಸಂಗ್ರಹಿಸುವವರ, ವಿಶ್ಲೇಷಿಸುವವರ ಮತ್ತು ತರಬೇತಿ ನೀಡುವವರ ಸಂಬಳ ಆಡಳಿತ ವೆಚ್ಚಕ್ಕೆ ಸೇರುವುದಿಲ್ಲ. ಎಲ್ಲ ಸಂಬಳವನ್ನೂ ಆಡಳಿತಕ್ಕೆ ತುಂಬಿ ಗಾಬರಿಯಾಗುವ ಸಂಸ್ಥೆಗಳನ್ನು ಸಾಕಷ್ಟು ಕಂಡಿದ್ದೇನೆ. ನೀವು ನಿಜವಾಗಿಯೂ ವಾರದಲ್ಲಿ ಎರಡು ದಿನ ದತ್ತಾಂಶ ವಿಶ್ಲೇಷಿಸುತ್ತಿದ್ದರೆ ಅಷ್ಟು ಪಾಲನ್ನು ಹಾಗೆಯೇ ತೋರಿಸಿ. ಅದಕ್ಕೆ ನೇಮಕ ಪತ್ರದಲ್ಲಿ ಆ ಕೆಲಸದ ಉಲ್ಲೇಖ ಇರಲಿ, ತಿಂಗಳು ತಿಂಗಳು ಸಹಿಯಾದ ಸಮಯದ ಲೆಕ್ಕ ಇರಲಿ. ಡಿಸೆಂಬರ್‌ನಲ್ಲಿ ಕುಳಿತು ಹಿಂದಿನ ವರ್ಷದ ಸಮಯದ ಲೆಕ್ಕ ಬರೆಯುವುದು ಸುಳ್ಳು ದಾಖಲೆ, ಬೇರೆ ಹೆಸರಿಲ್ಲ.

ಇನ್ನೊಂದು ಭ್ರಮೆ: ‘ಬಾಡಿಗೆಯನ್ನು ಯೋಜನಾ ವೆಚ್ಚದಲ್ಲಿ ಹಾಕಲು ದಾನಿಯೇ ಒಪ್ಪಿದ್ದಾರೆ.’ ಒಪ್ಪಲಿ, ಸಂತೋಷ. ದಾನಿಯ ಬಜೆಟ್ ಶೀರ್ಷಿಕೆ ನಿಮಗೂ ಅವರಿಗೂ ಇರುವ ಒಪ್ಪಂದ. ಈ ಕಾಯ್ದೆಯನ್ನು ಜಾರಿ ಮಾಡುವ ಗೃಹ ಸಚಿವಾಲಯ ಓದುವುದು ನಿಯಮವನ್ನು.

2020ರ ತಿದ್ದುಪಡಿ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು. ಆ ಶೇ 20 ಒಂದೊಂದು ಅನುದಾನಕ್ಕಲ್ಲ, ಆ ಹಣಕಾಸು ವರ್ಷದಲ್ಲಿ ಬಂದ ಒಟ್ಟು ವಿದೇಶಿ ದೇಣಿಗೆಗೆ. ಮಾರ್ಚ್‌ನಲ್ಲಿ ಬರಬೇಕಾದ ಕಂತು ಏಪ್ರಿಲ್‌ಗೆ ಜಾರಿತು ಎನ್ನಿ: ಖರ್ಚು ಒಂದು ರೂಪಾಯಿ ಹೆಚ್ಚದಿದ್ದರೂ ಶೇಕಡಾವಾರು ಜಿಗಿಯುತ್ತದೆ. ಆದ್ದರಿಂದ ನಾನು ಯಾರಿಗೂ 20ಕ್ಕೆ ಬಜೆಟ್ ಮಾಡಲು ಬಿಡುವುದಿಲ್ಲ. 16ರ ಆಸುಪಾಸಿನಲ್ಲಿ ನಿಲ್ಲಿಸುತ್ತೇನೆ. ಅಂಜುಬುರುಕ ಎನ್ನುವವರು ಎನ್ನಲಿ. ಮೀರುವುದು ಖಚಿತವಾದರೆ ಕೇಂದ್ರ ಸರ್ಕಾರದ ಪೂರ್ವಾನುಮತಿಗೆ ಅರ್ಜಿ ಹಾಕಲು ಕಾಯ್ದೆಯಲ್ಲೇ ಅವಕಾಶವಿದೆ. ಪೂರ್ವಾನುಮತಿ ಎಂದರೆ ಖರ್ಚಿಗೆ ಮುಂಚೆ.

ಪ್ರಶ್ನೆ: ಬಂದ ವಿದೇಶಿ ಹಣದಲ್ಲಿ ಸ್ವಲ್ಪವನ್ನು ರಾಯಚೂರಿನ ಪಾಲುದಾರ ಸಂಸ್ಥೆಗೆ ಕೊಡಬಹುದೇ? ಅವರಿಗೂ ಎಫ್‌ಸಿಆರ್‌ಎ ನೋಂದಣಿ ಇದೆ.

ಉತ್ತರ: ಇಲ್ಲ. 2020ರಿಂದ ಕಾಯ್ದೆಯ 7ನೇ ಕಲಂ ಆ ದಾರಿಯನ್ನು ಮುಚ್ಚಿದೆ, ನೋಂದಣಿ ಇದ್ದರೂ.

ಪ್ರಶ್ನೆ: ಎಫ್‌ಸಿಆರ್‌ಎ ನೋಂದಣಿ ‘ಖಾತ್ರಿ’ ಎಂದು ಒಬ್ಬರು ಮುಂಗಡ ಕೇಳುತ್ತಿದ್ದಾರೆ.

ಉತ್ತರ: ಓಡಿ.

ಪ್ರಶ್ನೆ: ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ ಕೊಡುವ ಕಂಪನಿ, ‘ಕಾನೂನಿನ ಪ್ರಕಾರ ನಿಮ್ಮ ಆಡಳಿತ ವೆಚ್ಚ ಶೇ 5 ದಾಟುವಂತಿಲ್ಲ’ ಎನ್ನುತ್ತಿದೆ. ನಿಜವೇ?

ಉತ್ತರ: ಆ ಶೇ 5 ಕಂಪನಿಯು ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿನ ಮಿತಿ, ನಿಮ್ಮದಲ್ಲ. ಕಂಪನಿ ತನ್ನಿಚ್ಛೆಯಂತೆ ಷರತ್ತು ಹಾಕಬಹುದು, ಅದಕ್ಕೆ ಕಾನೂನಿನ ಹೆಸರು ಹೇಳಬಾರದಷ್ಟೆ. ಮುಂದಿನ ಸಭೆಗೆ ಸಿಎಸ್‌ಆರ್ ನಿಯಮಗಳಲ್ಲಿ ‘ಆಡಳಿತಾತ್ಮಕ ವೆಚ್ಚ’ದ ವ್ಯಾಖ್ಯೆ ಇರುವ ಪುಟವನ್ನು ಮುದ್ರಿಸಿಕೊಂಡು ಹೋಗಿ.