ಓದುಗರ ಪ್ರಶ್ನೆ, ಸಂಪಾದಕರ ಉತ್ತರ: ‘ದೀನಬಂಧು’ವಿನ ಸಂಪಾದಕಿ

ಪ್ರಶ್ನೆ: ನಾನು ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮಹಿಳಾ ದಿನಕ್ಕೆಂದು ಒಂಬತ್ತನೆಯ ತರಗತಿಯ ಮಕ್ಕಳು ಬರೆದ ಚಾರ್ಟಿನಲ್ಲಿ ‘ಭಾರತದ ಮೊದಲ ಪತ್ರಿಕಾ ಸಂಪಾದಕಿ ತಾನುಬಾಯಿ ಬಿರ್ಜೆ’ ಎಂದಿತ್ತು. ಸಹೋದ್ಯೋಗಿಯೊಬ್ಬರು ಅದು ತಪ್ಪೆಂದೂ ಆ ಗೌರವ ಬಂಗಾಳದ ಸ್ವರ್ಣಕುಮಾರಿ ದೇವಿಯವರಿಗೆ ಸಲ್ಲಬೇಕೆಂದೂ ಮಕ್ಕಳ ಎದುರೇ ಹೇಳಿಬಿಟ್ಟರು. ಮಕ್ಕಳು ನನ್ನ ಮುಖ ನೋಡಿದರು. ನನ್ನ ಬಳಿ ಉತ್ತರವಿರಲಿಲ್ಲ. ಯಾರ ಮಾತು ಸರಿ? ಈ ತಾನುಬಾಯಿಯವರು ಯಾರು?
– ಶಿಕ್ಷಕಿ, ಜಯನಗರ, ಬೆಂಗಳೂರು

ಉತ್ತರ: ಚಾರ್ಟನ್ನು ಗೋಡೆಯಿಂದ ಇಳಿಸಬೇಕಾಗಿಲ್ಲ, ಒಂದು ಪದವನ್ನು ತಿದ್ದಿದರೆ ಸಾಕು. ಕನ್ನಡದಲ್ಲಿ ‘ಪತ್ರಿಕೆ’ ಎಂಬುದು ಬಹಳ ಉದಾರವಾದ ಮಾತು: ದಿನಪತ್ರಿಕೆಯೂ ಪತ್ರಿಕೆ, ಮಾಸಪತ್ರಿಕೆಯೂ ಪತ್ರಿಕೆ, ಮದುವೆ ಮನೆಯವರು ಅರಿಸಿನ ಹಚ್ಚಿ ಹಂಚುವ ಲಗ್ನಪತ್ರಿಕೆಯೂ ಪತ್ರಿಕೆ. ಸ್ವರ್ಣಕುಮಾರಿ ದೇವಿಯವರು 1884ರಲ್ಲಿ ಸಂಪಾದಕತ್ವ ವಹಿಸಿಕೊಂಡ ‘ಭಾರತಿ’ ಸಾಹಿತ್ಯದ ಮಾಸಪತ್ರಿಕೆ. ಹಿಂದಿಯಲ್ಲಿ ಹೇಮಂತಕುಮಾರಿ ದೇವಿ ಚೌಧರಾಣಿಯವರು 1888ರಲ್ಲಿ ‘ಸುಗೃಹಿಣಿ’ಯನ್ನು ಆರಂಭಿಸಿದರು, 1898ರಲ್ಲಿ ಲಾಹೋರಿನಿಂದ ಹೊರಟ ಉರ್ದು ವಾರಪತ್ರಿಕೆ ‘ತಹಜೀಬ್-ಎ-ನಿಸ್ವಾನ್’ಗೆ ಮುಹಮ್ಮದಿ ಬೇಗಂ ಸಂಪಾದಕಿ, 1901ರಲ್ಲಿ ಮದರಾಸಿನಲ್ಲಿ ಕಮಲಾ ಸತ್ಯನಾಥನ್ ಅವರು ಹೆಣ್ಣುಮಕ್ಕಳಿಗಾಗಿ ಇಂಗ್ಲಿಷ್ ಮಾಸಪತ್ರಿಕೆಯೊಂದನ್ನು ಹೊರಡಿಸಿದರು. ಇವರೆಲ್ಲರೂ ತಾನುಬಾಯಿಯವರಿಗಿಂತ ಮುಂಚಿನವರು. ಆದರೆ ಅವರ ಪತ್ರಿಕೆಗಳು ಸಾಹಿತ್ಯಕ್ಕೆ ಮೀಸಲಾಗಿದ್ದವು, ಇಲ್ಲವೇ ಹೆಂಗಸರಿಗೆಂದೇ ಅಚ್ಚಾಗುತ್ತಿದ್ದವು. ತಾನುಬಾಯಿಯವರು ನಡೆಸಿದ ಮರಾಠಿಯ ‘ದೀನಬಂಧು’ ಈ ಎರಡೂ ಅಲ್ಲ. ಅದು ರೈತರ, ಗಿರಣಿ ಕೂಲಿಕಾರರ, ಶೂದ್ರಾತಿಶೂದ್ರರ ಸುದ್ದಿಯನ್ನೂ ಅಹವಾಲನ್ನೂ ಹೊತ್ತು ಬರುತ್ತಿದ್ದ ವೃತ್ತಪತ್ರಿಕೆ. ಆದ್ದರಿಂದ ‘ಪತ್ರಿಕಾ ಸಂಪಾದಕಿ’ ಎಂದಿರುವಲ್ಲಿ ‘ವೃತ್ತಪತ್ರಿಕೆಯ ಸಂಪಾದಕಿ’ ಎಂದು ತಿದ್ದಿಸಿ. ಮಕ್ಕಳ ಮಾತೂ ಉಳಿಯುತ್ತದೆ, ನಿಮ್ಮ ಸಹೋದ್ಯೋಗಿಯ ಮಾತೂ ಉಳಿಯುತ್ತದೆ. ‘ಮೊದಲ’ ಎಂಬ ಪಟ್ಟದ ಜಗಳದಲ್ಲಿ ನಮಗೆ ಅಷ್ಟೇನೂ ಆಸಕ್ತಿಯಿಲ್ಲ ಎಂಬುದನ್ನೂ ಹೇಳಿಬಿಡುತ್ತೇವೆ. ಆ ಕುರ್ಚಿಯವರೆಗೆ ತಾನುಬಾಯಿಯವರು ಯಾವ ದಾರಿಯಲ್ಲಿ ಬಂದರು ಎಂಬುದು ಅದಕ್ಕಿಂತ ಹೆಚ್ಚು ತಿಳಿಯಬೇಕಾದ ವಿಷಯ.

ಅವರು ಹುಟ್ಟಿದ್ದು 1876ರಲ್ಲಿ, ಪುಣೆಯಲ್ಲಿ. ಜ್ಯೋತಿಬಾ ಫುಲೆ ಮತ್ತು ಸಾವಿತ್ರಿಬಾಯಿಯವರ ನೆರೆಯಲ್ಲಿ ಬೆಳೆದು, ಆ ದಂಪತಿಗಳ ಶಾಲೆಯಲ್ಲೇ ಅಕ್ಷರ ಕಲಿತವರು. ಫುಲೆ ದಂಪತಿಗಳು 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದದ್ದು, ಪಾಠ ಹೇಳಲು ಹೋಗುತ್ತಿದ್ದ ಸಾವಿತ್ರಿಬಾಯಿಯವರ ಮೇಲೆ ಜನರು ಸಗಣಿ ಎರಚಿದ್ದು ನಿಮ್ಮ ಮಕ್ಕಳಿಗೂ ಗೊತ್ತಿರುತ್ತದೆ. ತಾನುಬಾಯಿಯವರು ಆರು ವರ್ಷದ ಹುಡುಗಿಯಾಗಿದ್ದಾಗ, ಅಂದರೆ 1882ರಲ್ಲಿ, ಜ್ಯೋತಿಬಾ ಅವರು ಬ್ರಿಟಿಷ್ ಸರ್ಕಾರ ನೇಮಿಸಿದ್ದ ಹಂಟರ್ ಶಿಕ್ಷಣ ಆಯೋಗಕ್ಕೆ ಮನವಿಯೊಂದನ್ನು ಬರೆದರು. ಸರ್ಕಾರದ ಬೊಕ್ಕಸ ತುಂಬುವುದು ರೈತನ ಬೆವರಿನಿಂದ, ಅದೇ ಹಣ ಖರ್ಚಾಗುವುದು ಮೇಲಿನವರ ಮಕ್ಕಳ ಉನ್ನತ ವಿದ್ಯಾಭ್ಯಾಸಕ್ಕೆ. ಆದ್ದರಿಂದ ಹನ್ನೆರಡು ವರ್ಷದವರೆಗಾದರೂ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಬೇಕು ಎಂಬುದು ಅದರ ಸಾರ. ಶಾಲೆಯಿಲ್ಲದ ಕೇರಿಗಳ ಪರವಾಗಿ ಆ ಮಾತು ಆಯೋಗದ ಮುಂದೆ ಹೋಗುತ್ತಿದ್ದಾಗ, ಅದನ್ನು ಮುಂದೆ ಪತ್ರಿಕೆಯಲ್ಲಿ ನಡೆಸಿಕೊಂಡು ಹೋಗಬೇಕಾದವರು ಅದೇ ಊರಿನಲ್ಲಿ ಪಾಟಿ ಬಳಪ ಹಿಡಿಯುವ ವಯಸ್ಸಿನಲ್ಲಿದ್ದರು.

‘ದೀನಬಂಧು’ವನ್ನು 1877ರಲ್ಲಿ ಆರಂಭಿಸಿದವರು ಕೃಷ್ಣರಾವ್ ಭಾಲೇಕರ್, ಜಾತಿಯ ಮೇಲುಕೀಳನ್ನು ವಿರೋಧಿಸಲು ಫುಲೆಯವರು ಕಟ್ಟಿದ ಸತ್ಯಶೋಧಕ ಸಮಾಜದ ವಿಚಾರವೇ ಅದರ ಉಸಿರು. ಭಾಲೇಕರರ ಕೈಯಲ್ಲಿ ಸೊರಗಿದ ಪತ್ರಿಕೆಯನ್ನು 1880ರಿಂದ ಮುಂಬಯಿಯಲ್ಲಿ ನಡೆಸಿದವರು ನಾರಾಯಣ ಮೇಘಾಜಿ ಲೋಖಂಡೆ. ಗಿರಣಿ ಕೆಲಸಗಾರರಿಗೆ ಭಾನುವಾರದ ರಜೆ 1890ರಲ್ಲಿ ದೊರೆತದ್ದು ಈ ಲೋಖಂಡೆಯವರ ಹೋರಾಟದಿಂದ. 1897ರ ಪ್ಲೇಗಿನಲ್ಲಿ ರೋಗಿಗಳ ಸೇವೆ ಮಾಡುತ್ತಲೇ ಮುಂಬಯಿಯಲ್ಲಿ ಅವರೂ, ಪುಣೆಯಲ್ಲಿ ಸಾವಿತ್ರಿಬಾಯಿಯವರೂ ತೀರಿಕೊಂಡರು. ಬರೋಡ ಸಂಸ್ಥಾನದಲ್ಲಿ ಗ್ರಂಥಪಾಲಕರಾಗಿದ್ದ ವಾಸುದೇವ ಲಿಂಗೋಜಿ ಬಿರ್ಜೆಯವರ ಹೆಗಲಿಗೆ ಆಮೇಲೆ ಪತ್ರಿಕೆ ಬಂತು. 1893ರಲ್ಲಿ ಸತ್ಯಶೋಧಕ ಪದ್ಧತಿಯಂತೆ, ಪುರೋಹಿತರಿಲ್ಲದೆ, ತಾನುಬಾಯಿಯವರನ್ನು ಮದುವೆಯಾದವರು ಇವರೇ. ಮುಂದಿನ ದಶಕದಲ್ಲಿ ವಾಸುದೇವರಾಯರೂ ತೀರಿಕೊಂಡಾಗ ತಾನುಬಾಯಿಯವರು ಪತ್ರಿಕೆಯನ್ನು ನಿಲ್ಲಿಸಲಿಲ್ಲ, ಮಾರಲಿಲ್ಲ, ತಾವೇ ಸಂಪಾದಕಿಯಾದರು. 1912ರವರೆಗೂ ಅದನ್ನು ನಡೆಸಿ ಮರುವರ್ಷ ನಿಧನರಾದರು. ಆಗ ಅವರಿಗೆ ನಲವತ್ತೂ ತುಂಬಿರಲಿಲ್ಲ.

ಪ್ರಶ್ನೆ: ಗಂಡನ ಪತ್ರಿಕೆ ಹೆಂಡತಿಗೆ ಬಂತು, ಅಂಗಡಿ, ಗದ್ದೆ, ಮನೆ ಬಂದ ಹಾಗೆಯೇ ಅಲ್ಲವೆ? ಅದನ್ನು ಸಾಧನೆ ಎನ್ನುವುದು ಅತಿಯಾಯಿತೆಂದು ನನಗೆ ತೋರುತ್ತದೆ. ಒರಟಾಗಿ ಕೇಳಿದ್ದರೆ ಕ್ಷಮಿಸಿ.
– ನಿವೃತ್ತ ಬ್ಯಾಂಕ್ ಅಧಿಕಾರಿ, ಮಲ್ಲೇಶ್ವರ

ಉತ್ತರ: ಕ್ಷಮೆ ಕೇಳಬೇಕಾದ ಪ್ರಶ್ನೆ ಅಲ್ಲ, ಸ್ವಾಮಿ. ಆದರೆ ಗದ್ದೆ ಒಂದು ವರ್ಷ ಬೀಳು ಬಿದ್ದರೂ ಗದ್ದೆಯಾಗಿಯೇ ಇರುತ್ತದೆ. ಪತ್ರಿಕೆ ನಾಲ್ಕು ವಾರ ಹೊರಡದಿದ್ದರೆ ಉಳಿಯುವುದು ಬಾಕಿಯ ಲೆಕ್ಕ ಮಾತ್ರ. ಆಗಿನ ಅಚ್ಚುಕೂಟದ ಕೆಲಸವನ್ನು ನೆನೆಯಿರಿ. ಅಚ್ಚಿನ ಮೊಳೆ ಜೋಡಿಸುವವನು ಒಂದೊಂದೇ ಅಕ್ಷರವನ್ನು ಕನ್ನಡಿಯಲ್ಲಿ ಕಾಣುವಂತೆ ತಲೆಕೆಳಗಾಗಿ ಕೂರಿಸಬೇಕು, ಕರಡಚ್ಚು ತೆಗೆಯಬೇಕು, ಒದ್ದೆ ಕರಡನ್ನು ಯಾರಾದರೂ ಕಣ್ಣಿಟ್ಟು ತಿದ್ದಬೇಕು, ಕಾಗದದವನಿಗೆ ದುಡ್ಡು ಕೊಡಬೇಕು, ಚಂದಾ ಕಳಿಸದವರಿಗೆ ಮತ್ತೆ ಮತ್ತೆ ಬರೆಯಬೇಕು. ಇವೆಲ್ಲ ಮುಗಿದ ಮೇಲೂ ಮುಂದಿನ ಸಂಚಿಕೆಗೆ ಬರೆಯಬೇಕಾದ ಮಾತು ಉಳಿದಿರುತ್ತದೆ. ಮೊಳೆಪೆಟ್ಟಿಗೆ ಆಸ್ತಿಯಾಗಿ ಬರಬಹುದು, ಆ ಮಾತು ಹಾಗೆ ಬರುವುದಿಲ್ಲ. ಗಂಡ ಸತ್ತ ಹೆಂಗಸು ಒಳಮನೆ ಬಿಟ್ಟು ಹೊರಬಂದರೆ ಅಪಶಕುನವೆನ್ನುತ್ತಿದ್ದ ಕಾಲವದು ಎಂಬುದನ್ನು ನಿಮ್ಮ ತಲೆಮಾರಿನವರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಅವರು ಕುರ್ಚಿಯಲ್ಲಿದ್ದ ವರ್ಷಗಳೂ ಸಾಮಾನ್ಯವಲ್ಲ. ಬರೋಡದಲ್ಲಿ ಸಯಾಜಿರಾವ್ ಗಾಯಕವಾಡರು 1906ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಇಡೀ ಸಂಸ್ಥಾನದಲ್ಲಿ ಕಡ್ಡಾಯ ಮಾಡಿದ್ದರು. ಅದನ್ನೇ ಬ್ರಿಟಿಷ್ ಆಡಳಿತದ ಭಾಗಗಳಿಗೂ ತರಬೇಕೆಂದು ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಮಸೂದೆ ಮಂಡಿಸಿದಾಗ, ಮರುವರ್ಷ ಅದು 13 ಮತಗಳಿಗೆ ಎದುರಾಗಿ 38 ಮತಗಳಿಂದ ಬಿದ್ದುಹೋಯಿತು. ನಮ್ಮ ಮೈಸೂರು ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನು ಬಂದದ್ದು 1913ರಲ್ಲಿ. ಫುಲೆಯವರು ಮೂವತ್ತು ವರ್ಷ ಹಿಂದೆ ಕೇಳಿದ್ದನ್ನು ಶಾಸನಸಭೆ ತಳ್ಳಿಹಾಕಿದ ಹೊತ್ತಿನಲ್ಲಿ, ಅವರ ಶಾಲೆಯ ಹುಡುಗಿ ಅವರ ವಿಚಾರದ ಪತ್ರಿಕೆಯ ಸಂಪಾದಕಿಯಾಗಿದ್ದರು. ಇದನ್ನು ಆಸ್ತಿ ಹಂಚಿಕೆಯ ಲೆಕ್ಕಕ್ಕೆ ಸೇರಿಸಲು ನಮಗೆ ಮನಸ್ಸು ಒಪ್ಪುವುದಿಲ್ಲ.

ಪ್ರಶ್ನೆ: ಕನ್ನಡದಲ್ಲಿ ಇಂಥವರು ಯಾರಿದ್ದರು? ನಮ್ಮ ಅಜ್ಜಿಯ ಟ್ರಂಕಿನಲ್ಲಿ ‘ಸರಸ್ವತಿ’ ಎಂಬ ಹಳೆಯ ಮಾಸಪತ್ರಿಕೆಯ ಒಂದು ಕಟ್ಟು ಸಿಕ್ಕಿದೆ. ಬೈಂಡ್ ಮಾಡಿಸಬಹುದೆ?
– ಗೃಹಿಣಿ, ಚಾಮರಾಜಪೇಟೆ

ಉತ್ತರ: ಟ್ರಂಕು ಸರಿಯಾದ ಪೇಟೆಯಲ್ಲೇ ಇದೆ. ‘ಸರಸ್ವತಿ’ಯನ್ನು ನಲವತ್ತಕ್ಕೂ ಹೆಚ್ಚು ವರ್ಷ ನಡೆಸಿದವರು ಆರ್. ಕಲ್ಯಾಣಮ್ಮನವರು. ನಿಮ್ಮ ಬಡಾವಣೆಯ ಮಕ್ಕಳ ಕೂಟವನ್ನು 1938ರಲ್ಲಿ ಕಟ್ಟಿದವರೂ ಅವರೇ. ಅದರ ಮುಂದೆ ನೀವು ಎಷ್ಟೋ ಸಲ ಹಾದುಹೋಗಿರುತ್ತೀರಿ. ಅವರಿಗಿಂತ ಮುಂಚೆ ನಂಜನಗೂಡು ತಿರುಮಲಾಂಬಾ ಅವರು ‘ಸತೀ ಹಿತೈಷಿಣೀ’ ಗ್ರಂಥಮಾಲೆಯನ್ನು 1913ರಲ್ಲಿ ಆರಂಭಿಸಿ, ಅನಂತರ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನು ನಡೆಸಿದರು. ಇಬ್ಬರೂ ಬಾಲವಿಧವೆಯರು. ಶಾಲೆಯ ಮೆಟ್ಟಿಲು ಹತ್ತಲಾಗದ ಹೆಣ್ಣುಮಕ್ಕಳಿಗೆ ಅಂಚೆಯವನ ಕೈಯಲ್ಲಿ ಪಾಠ ಕಳಿಸಿದವರು ಇವರು. ಇವರ ಪತ್ರಿಕೆಗಳು ಮುಖ್ಯವಾಗಿ ಹೆಂಗಸರಿಗೆಂದೇ ಇದ್ದವು, ‘ದೀನಬಂಧು’ವಿನಂತೆ ಊರಿಗೆಲ್ಲ ಸೇರಿದ ವೃತ್ತಪತ್ರಿಕೆಗಳಲ್ಲ, ಇದನ್ನು ಕುಂದೆಂದು ತಿಳಿಯಬೇಡಿ, ಪತ್ರಿಕೆಯ ಬಗೆ ಬೇರೆ ಬೇರೆಯಷ್ಟೆ.

ಇನ್ನು ಬೈಂಡಿನ ಮಾತು. ದಯವಿಟ್ಟು ಅವಸರ ಮಾಡಬೇಡಿ. ಬೈಂಡ್ ಮಾಡುವವರು ಅಂದಕ್ಕೆಂದು ಹೊದಿಕೆಯ ಹಾಳೆಗಳನ್ನು ಕಿತ್ತು, ಅಂಚನ್ನು ಕತ್ತರಿಸಿಬಿಡುತ್ತಾರೆ. ಬೆಲೆ, ಚಂದಾ ದರ, ಜಾಹೀರಾತು, ಅಚ್ಚಾದ ಸ್ಥಳ ಇರುವುದೆಲ್ಲ ಆ ಹೊದಿಕೆಯಲ್ಲಿಯೇ, ಅಜ್ಜಿಯವರು ಪೆನ್ಸಿಲಿನಲ್ಲಿ ಏನಾದರೂ ಗೀಚಿದ್ದರೆ ಅದು ಇರುವುದು ಆ ಅಂಚಿನಲ್ಲಿಯೇ. ಹರಿದ ಹಾಳೆಗೆ ಸೆಲ್ಲೋಟೇಪ್ ಅಂಟಿಸಬೇಡಿ. ಕೆಲವು ವರ್ಷಗಳಲ್ಲಿ ಅದು ಕಂದಾಗಿ ಅಕ್ಷರವನ್ನೇ ನುಂಗುತ್ತದೆ. ಪಿನ್ನುಗಳು ತುಕ್ಕು ಹಿಡಿದಿದ್ದರೆ ಮೆಲ್ಲನೆ ಬಿಡಿಸಿ, ಸಂಚಿಕೆಗಳನ್ನು ತಿಂಗಳ ಪ್ರಕಾರ ಜೋಡಿಸಿ, ಶುಭ್ರವಾದ ಹತ್ತಿಬಟ್ಟೆಯಲ್ಲಿ ಕಟ್ಟಿ ನೆಲದಿಂದ ಮೇಲಿಡಿ. ಆಮೇಲೆ ಹತ್ತಿರದಲ್ಲೇ ಇರುವ ಕನ್ನಡ ಸಾಹಿತ್ಯ ಪರಿಷತ್ತಿಗೆ ಒಂದು ಸಂಚಿಕೆ ತೆಗೆದುಕೊಂಡು ಹೋಗಿ, ಅಲ್ಲಿನ ಗ್ರಂಥಾಲಯದಲ್ಲಿ ಇಲ್ಲದ ತಿಂಗಳು ನಿಮ್ಮ ಕಟ್ಟಿನಲ್ಲಿ ಇದೆಯೇ ಎಂದು ವಿಚಾರಿಸಿ.